ಅಡಿ ಥರದ ಮೂಲೆ ಚೀಲ

ಚೀಲವನ್ನು ಥಪ್ಪಿಗೆ, ಅಂದರೆ ಒಟ್ಟಿದ ಚೀಲಗಳ ರಾಶಿಗೆ, ಇಡುವಾಗ ಬಾಯಿ ಒಳಗಿರಬೇಕು, ಅಡಿ ಹೊರಗಿರಬೇಕು. ಆಗ ಬಾಯಿಯ ಹೊಲಿಗೆ ಬಿಚ್ಚಿಕೊಂಡರೂ ಕಾಳು ಥಪ್ಪಿಯ ಹೊಟ್ಟೆಯೊಳಗೇ ಉಳಿಯುತ್ತದೆ. ಒಂದು ಸಾಲು ಚೀಲ ಹಾಸಿದರೆ ಅದು ಒಂದು ಥರ. ಹೀಗೆ ಥರದ ಮೇಲೆ ಥರ ಏರಿಸುತ್ತ ಹೋಗುವಾಗ ನಾಲ್ಕು ಮೂಲೆಗಳಲ್ಲಿ ಪ್ರತಿ ಚೀಲವೂ ತನ್ನ ಕೆಳಗಿನ ಚೀಲಕ್ಕೆ ಅಡ್ಡವಾಗಿ ಕೂಡಬೇಕು. ಇದಕ್ಕೆ ಮೂಲೆ ಕಟ್ಟುವುದು ಅನ್ನುತ್ತಾರೆ. ಮೂಲೆ ಕಟ್ಟಿದ ಥಪ್ಪಿ ಹನ್ನೆರಡು ಥರ ಏರಿದರೂ ಅಲುಗುವುದಿಲ್ಲ.

ಇದನ್ನೆಲ್ಲ ನಾನು ಸಾಲೆಯಲ್ಲಿ ಕಲಿಯಲಿಲ್ಲ. ಹಲಬರ್ಗಾದ ಸಾಲೆಯಲ್ಲಿ ನಾನು ಕಲಿತದ್ದು ಮೂರನೆಯ ಇಯತ್ತೆಯವರೆಗೆ ಮಾತ್ರ. ಥಪ್ಪಿಯ ವಿದ್ಯೆ ನನ್ನ ಅಣ್ಣನದು. ಬೀದರ ಸ್ಟೇಶನ್ನಿನ ಮಾಲಧಕ್ಕೆಯಲ್ಲಿ ಅವನಂತೆ ಥಪ್ಪಿ ಕಟ್ಟುವವರು ಇನ್ನೊಬ್ಬರಿರಲಿಲ್ಲ. ಅವನ ಒಂದು ಥಪ್ಪಿ ಬಿತ್ತು. ಅದು ಬಿದ್ದದ್ದು ನನ್ನಿಂದ. ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಮೂವತ್ತು ವರ್ಷದ ಮೇಲೆ ಹಿಡಿಯಿತು. ಈ ಬರಹದಲ್ಲಿ ತಪ್ಪಿದ ಅಕ್ಷರಗಳನ್ನು ಮೊಮ್ಮಗಳು ತಿದ್ದಿದ್ದಾಳೆ. ಸಂಗತಿಯನ್ನು ಮುಟ್ಟಬೇಡ ಎಂದು ಅವಳಿಗೆ ಹೇಳಿದ್ದೇನೆ.

ಧಕ್ಕೆ ಎಂದರೆ ಕಲ್ಲಿನ ಉದ್ದನೆಯ ಕಟ್ಟೆ, ಮೇಲೆ ತಗಡಿನ ಮಾಡು. ಕಟ್ಟೆಯ ಎತ್ತರ ಸರಿಯಾಗಿ ವ್ಯಾಗನ್ನಿನ ನೆಲದಷ್ಟು. ಬಾಗಿಲು ಸರಿಸಿದರೆ ಚೀಲ ಬೆನ್ನಿಗೇರಿಸಿಕೊಂಡು ನೇರ ನಡೆದು ಬರಬಹುದು. ಮೊದಲು ಅಲ್ಲಿಗೆ ಬರುತ್ತಿದ್ದದ್ದು ಉಪ್ಪು, ಬೆಲ್ಲ, ಸಿಮೆಂಟು ಅಷ್ಟೇ. ವಾರದಲ್ಲಿ ಎರಡು ದಿನ ಕೆಲಸ ಇದ್ದರೆ ಹೆಚ್ಚು. ಬರ ಬಿದ್ದ ವರ್ಷಗಳಲ್ಲಿ ಆ ಧಕ್ಕೆಯ ನಸೀಬು ತೆರೆಯಿತು ಎಂದು ಹೇಳುವುದಕ್ಕೆ ಸಂಕಟವಾಗುತ್ತದೆ, ಆದರೆ ಆದದ್ದು ಹಾಗೆಯೇ. ಎಲ್ಲಿಂದಲೋ ಜೋಳ ಬಂತು, ಕೆಂಪು ಗೋಧಿ ಬಂತು, ದನಗಳಿಗೆ ಹುಲ್ಲಿನ ಪೆಂಡಿ ಬಂತು. ಧಕ್ಕೆಯ ಸುತ್ತ ಚಹದ ಹೋಟೆಲು, ಹಳೆ ಚೀಲದ ವ್ಯಾಪಾರಿ, ಲಾರಿ ತೂಗುವ ಕಾಟಾ, ಟಾಂಗಾದವರ ಸಾಲು ಎಲ್ಲ ಒಂದೇ ವರ್ಷದಲ್ಲಿ ಎದ್ದವು. ಹಮಾಲರಲ್ಲಿ ಭಾಲ್ಕಿಯ ಕಡೆಯವರದೊಂದು ಟೋಳಿ, ಔರಾದದ ಕಡೆಯವರದೊಂದು ಟೋಳಿ. ಪಕ್ಕದ ಪ್ಲಾಟ್‌ಫಾರ್ಮಿನ ಮೇಲೆ ಅದೇ ತಾಲ್ಲೂಕುಗಳ ಜನ ಗಂಟು, ಕೊಡ, ಕೋಳಿ ಹಿಡಿದುಕೊಂಡು ಹೈದರಾಬಾದಿನ ಗಾಡಿಗೆ ಕಾಯುತ್ತಿದ್ದರು. ಅದೇ ಹಳಿಯ ಮೇಲೆ ಕಾಳು ಬರುತ್ತಿತ್ತು, ಜನ ಹೋಗುತ್ತಿದ್ದರು.

ನನ್ನ ಗಂಡ ರಸ್ತೆ ಕೆಲಸಕ್ಕೆಂದು ಪುಣೆಯ ಕಡೆಗೆ ಹೋದವನು ಎಂಟು ತಿಂಗಳಾದರೂ ಸುದ್ದಿ ಕಳಿಸಿರಲಿಲ್ಲ. ಅಣ್ಣ ಊರಿಗೆ ಬಂದು ನನ್ನನ್ನೂ ನನ್ನ ಎರಡು ವರ್ಷದ ಮಗಳನ್ನೂ ಕರೆದುಕೊಂಡು ಬಂದ. ಬೀದರಿನ ಮೈಲೂರಿನಲ್ಲಿ ಅವನಿಗೆ ಒಂದು ಖೋಲಿ ಇತ್ತು. ನಮಗೆ ಅದನ್ನು ಬಿಟ್ಟುಕೊಟ್ಟು ಅವನು ಹೊರಗಿನ ಕಟ್ಟೆಯ ಮೇಲೆ ಮಲಗತೊಡಗಿದ. ನನಗೆ ಧಕ್ಕೆಯಲ್ಲಿ ಹೊಲಿಯುವ ಕೆಲಸ ಕೊಡಿಸಿದ.

ಹಮಾಲರ ಕೊಕ್ಕೆ ಬಿದ್ದು ಚೀಲಗಳು ಹರಿಯುತ್ತವೆ, ಹೆಚ್ಚಾಗಿ ಕಿವಿಯ ಹತ್ತಿರ. ಚೀಲದ ಮೂಲೆಗೆ ನಾವು ಕಿವಿ ಅನ್ನುತ್ತೇವೆ. ಹರಿದ ಚೀಲಗಳನ್ನು ಪಕ್ಕಕ್ಕೆ ತೆಗೆದು ಹೆಂಗಸರ ಮುಂದೆ ಹಾಕುತ್ತಾರೆ. ದಬ್ಬಣ, ಸುತಳಿ ಹಿಡಿದು ಹೊಲಿಯುವುದು ನಮ್ಮ ಕೆಲಸ. ನಾವು ಮೂವರಿದ್ದೆವು. ಒಬ್ಬಳು ಮನ್ನಳ್ಳಿಯಿಂದ ನಡೆದು ಬರುತ್ತಿದ್ದ ಹಿರಿಯಳು. ಇನ್ನೊಬ್ಬಳು ಔರಾದದ ಟೋಳಿಯ ಒಬ್ಬ ಹಮಾಲನ ಹೆಂಡತಿ. ಮೂರನೆಯವಳು ನಾನು. ಕೂಲಿಯ ಜೊತೆ ನಮಗೆ ಇನ್ನೊಂದು ಹಕ್ಕಿತ್ತು. ನೆಲಕ್ಕೆ ಉದುರಿದ ಕಾಳು ಗುಡಿಸಿದವರದು. ಸಂಜೆ ಮೂವರೂ ಗುಡಿಸಿದ್ದನ್ನು ಒಂದು ರಾಶಿ ಮಾಡಿ ಮೂರು ಪಾಲು ಹಾಕುತ್ತಿದ್ದೆವು.

ಆ ಹಕ್ಕಿನೊಳಗೆ ಇನ್ನೊಂದು ಕಳ್ಳ ಹಕ್ಕಿತ್ತು. ಹೊಲಿಯುವಾಗ ಒಂದು ಹೊಲಿಗೆ ಸಡಿಲ ಬಿಟ್ಟರೆ ಚೀಲ ಇಟ್ಟ ಮೇಲೂ ಕಾಳು ಹನಿಯುತ್ತದೆ. ಹಮಾಲರ ಮೇಲ್ವಿಚಾರಕ ಮುಕಾದಮನಿಗೂ ಇದು ಗೊತ್ತಿತ್ತು, ಕಂಡೂ ಕಾಣದಂತಿದ್ದ. ಆದರೆ ಅದಕ್ಕೊಂದು ಕಟ್ಟಳೆ ಇತ್ತು. ನಾನು ಕೆಲಸಕ್ಕೆ ಸೇರಿದ ದಿನವೇ ಹಿರಿಯಳು ಅದನ್ನು ಹೇಳಿಕೊಟ್ಟಿದ್ದಳು.

"ಮ್ಯಾಲಿನ ಥರ ಹೆಂಗಸರದು, ಕೆಳಗಿನ ಥರ ಗಂಡಸರದು. ಮ್ಯಾಲಿನ ಚೀಲದಾಗ ಒಂದ್ ಮುಷ್ಟಿ ಕಮ್ಮಿ ಆದ್ರ ಯಾರಿಗೂ ಏನೂ ಆಗಲ್ಲ. ಕೆಳಗ ಸಡ್ಲ ಬಿಟ್ಟಿ ಅಂದ್ರ ಗಂಡಸರ ತಲಿ ಮ್ಯಾಲ ಬರ್ತದ. ತಿಳೀತೇನು ತಂಗಿ?"

"ತಿಳೀತ್ರಿ."

"ಬರೀ ತಿಳೀತ್ರಿ ಅನಬ್ಯಾಡ. ದಬ್ಬಣ ಮುಟ್ಟಿ ಹೇಳು."

ದಬ್ಬಣ ಮುಟ್ಟಿ ಹೇಳಿದ್ದೆ.

ಆ ದಿನಕ್ಕೆ ಮೊದಲು ಮೂರು ದಿನ ವ್ಯಾಗನ್ ಬಂದಿರಲಿಲ್ಲ. ಕೂಲಿ ಇಲ್ಲ, ಗುಡಿಸಲು ಕಾಳೂ ಇಲ್ಲ. ಬೆಳಿಗ್ಗೆ ಒಂದು ರೊಟ್ಟಿಯ ಹಿಟ್ಟು ಉಳಿದಿತ್ತು. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಅಣ್ಣ ನೀರು ಕುಡಿದು ಎದ್ದ. ಅವನ ಹೊಟ್ಟೆ ಸರಿಯಾಗಿಯೇ ಇತ್ತು ಎಂದು ನನಗೆ ಗೊತ್ತಿತ್ತು. ರೊಟ್ಟಿಯನ್ನು ಮಗಳಿಗೆ ಅರ್ಧ ಕೊಟ್ಟು, ಇನ್ನರ್ಧ ಪಕ್ಕದ ಮನೆಯವಳ ಕೈಗೆ ಕೊಟ್ಟು, ಮಧ್ಯಾಹ್ನ ಅವಳಿಗೆ ತಿನ್ನಿಸು ಎಂದು ಹೇಳಿ ಬಂದೆ.

ಅವತ್ತು ಒಮ್ಮೆಲೇ ವ್ಯಾಗನ್‌ಗಳ ದೊಡ್ಡ ಸಾಲು ನಿಂತಿತ್ತು. ಎಲ್ಲ ಜೋಳ. ಸಂಜೆಯೊಳಗೆ ಖಾಲಿ ಮಾಡಬೇಕೆಂದು ಮುಕಾದಮ ಎರಡೂ ಟೋಳಿಗಳನ್ನು ಒಂದೇ ಸಲ ಇಳಿಸಿದ. ಮನ್ನಳ್ಳಿಯ ಹಿರಿಯಳು ಬಂದಿರಲಿಲ್ಲ, ಜ್ವರ ಎಂದು ಸುದ್ದಿ ಬಂತು. ನಾನು ಮತ್ತು ಔರಾದದವಳು ಇಬ್ಬರೇ ಕುಳಿತೆವು. ಪಾಲು ಮೂರಲ್ಲ, ಎರಡು. ನನ್ನ ತಲೆಯಲ್ಲಿ ಮೊದಲು ಬಂದ ಲೆಕ್ಕ ಅದು.

ಅಣ್ಣ ಕಾಟಾದ ಕಡೆಯ ಮೂಲೆಯಿಂದ ಥಪ್ಪಿ ಶುರು ಮಾಡಿದ. ಔರಾದದವಳ ಗಂಡ ನನ್ನ ಮುಂದೆ ಬಂದು ನಿಂತ.

"ಏನವಾ, ಚೀಲಾ ಹೊಲೀಲಿಕತ್ತೀಯೋ, ಮದಿವಿ ಕುಬಸಾ ಹೊಲೀಲಿಕತ್ತೀಯೋ? ನಿಮ್ಮಣ್ಣ ಅಲ್ಲಿ ಮೂಲಿಗಿ ಚೀಲಿಲ್ಲಂತ ಒದರ್ಲಿಕತ್ತಾನ."

"ಕುಬಸಾ ಆಗಿದ್ರ ನಿನ್ನ ಹೆಂಡ್ತಿಗೇ ಕೊಡ್ತಿದ್ದೆ. ಒಯ್ಯಿ, ಆಯ್ತು."

ಪಕ್ಕದಲ್ಲಿದ್ದ ಅವನ ಹೆಂಡತಿ ನಕ್ಕಳು. "ನನಗ ಕುಬಸಾ ಬ್ಯಾಡ ಬಾಯಿ, ಈ ಮನಷ್ಯಾನ ಬಾಯಿ ಒಂದಿಷ್ಟು ಹೊಲಿದು ಕೊಡು."

ಅವನು ಒಯ್ದ ಚೀಲದ ಕಿವಿಯಲ್ಲಿ ನಾನು ನಾಲ್ಕು ಹೊಲಿಗೆಯ ಜಾಗದಲ್ಲಿ ಎರಡು ಹಾಕಿದ್ದೆ. ಅದು ಮೂಲೆಗೆ ಹೋಗುತ್ತದೆ ಎಂದು ಅವನೇ ಹೇಳಿದ್ದ. ಅಡಿ ಥರ ಎಂದು ನನ್ನ ಕಣ್ಣಿಗೇ ಕಾಣುತ್ತಿತ್ತು. ಗೊತ್ತಿಲ್ಲದೆ ಆಯಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಗೊತ್ತಿದ್ದೇ ಬಿಟ್ಟೆ. ಸಂಜೆ ಮೇಲಿನ ಥರ ಬರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಮಧ್ಯಾಹ್ನವೇ ಒಂದಿಷ್ಟು ಕಾಳು ಸಿಕ್ಕರೆ ಪಕ್ಕದ ಗಿರಣಿಯಲ್ಲಿ ಒಡೆಸಿ ನುಚ್ಚು ಕುದಿಸಿ ಅಣ್ಣನ ಮುಂದೆ ಇಡಬೇಕು ಎಂದಿದ್ದೆ.

ನನ್ನ ಇನ್ನೊಂದು ಲೆಕ್ಕವೂ ಇತ್ತು. ಅಡಿ ಥರದ ಚೀಲದಿಂದ ಕಾಳು ಸುರಿದರೆ ನೆಲದ ಮೇಲೆ ಗುಪ್ಪೆಯಾಗುತ್ತದೆ. ಗುಪ್ಪೆ ತೂತಿನ ಮಟ್ಟಕ್ಕೆ ಏರಿದ ಕೂಡಲೇ ತಾನೇ ಅದರ ಬಾಯಿ ಮುಚ್ಚುತ್ತದೆ. ಒಂದು ಸೇರು, ಒಂದೂವರೆ ಸೇರು ಬಿದ್ದು ನಿಂತುಬಿಡುತ್ತದೆ. ಈ ಲೆಕ್ಕ ಸರಿಯಾಗಿಯೇ ಇತ್ತು. ನಾನು ಗುಡಿಸದೆ ಇದ್ದಿದ್ದರೆ.

ಗುಡಿಸಿದೆ. ಉಡಿಗೆ ಹಾಕಿಕೊಂಡು ಬಂದು ನೋಡಿದರೆ ಅಷ್ಟೇ ಗುಪ್ಪೆ ಮತ್ತೆ ಬಿದ್ದಿತ್ತು. ಅದನ್ನೂ ಗುಡಿಸಿದೆ. ಗುಪ್ಪೆ ತೆಗೆದ ಹಾಗೆ ತೂತು ತೆರೆಯುತ್ತಿತ್ತು, ಮೇಲಿನ ಭಾರ ಕಾಳನ್ನು ಹೊರಗೆ ತಳ್ಳುತ್ತಿತ್ತು. ನಾಲ್ಕು ಸಲ ಗುಡಿಸಿದೆ, ಐದನೆಯ ಸಲವೂ. ಅಣ್ಣ ಪ್ರತಿ ಎರಡು ಥರಕ್ಕೊಮ್ಮೆ ಕೆಳಗಿಳಿದು ಥಪ್ಪಿಯ ಸುತ್ತ ಒಂದು ಸುತ್ತು ಬರುತ್ತಿದ್ದ. ನೆಲ ನೋಡುತ್ತಿದ್ದ. ಕಾಳು ಬಿದ್ದಿದ್ದರೆ ಚೀಲ ಸೋರುತ್ತಿದೆ ಎಂದು ತಿಳಿಯುತ್ತಿತ್ತು, ಥಪ್ಪಿ ಬಿಚ್ಚಿಸುತ್ತಿದ್ದ. ಅವನು ಬಂದಾಗಲೆಲ್ಲ ನೆಲ ಸ್ವಚ್ಛವಾಗಿತ್ತು.

"ಧಕ್ಕಾ ಇವತ್ತ ಭಾಳ ಸಾಫ್ ಅದಲ್ಲ ತಂಗಿ," ಎಂದ ಒಮ್ಮೆ.

"ಹೂಂ," ಎಂದೆ.

ಮಧ್ಯಾಹ್ನ ದಾಟಿತ್ತು. ಹನ್ನೊಂದನೆಯ ಥರ. ಏರಲು ಇಟ್ಟ ಹಲಗೆಯ ಮೇಲೆ ಔರಾದದವಳ ಗಂಡ ಬೆನ್ನ ಮೇಲೆ ಚೀಲ ಹೊತ್ತು ಅರ್ಧ ದಾರಿಯಲ್ಲಿದ್ದ. ಮೊದಲು ಕಾಟಾದ ಕಡೆಯ ಮೂಲೆ ಸ್ವಲ್ಪ ಬಾಗಿದಂತೆ ಕಂಡಿತು, ಬೀಳಲಿಲ್ಲ. ಅಣ್ಣ ಮೇಲಿನಿಂದ, "ಇಳಿ, ಇಳಿ, ಚೀಲಾ ಒಗದು ಇಳಿ," ಎಂದ. ಅವನು ಚೀಲ ಒಗೆಯುವುದರೊಳಗೆ ಮೂಲೆ ಜಾರಿತು. ದೊಡ್ಡ ಸಪ್ಪಳವೇನೂ ಆಗಲಿಲ್ಲ. ಚೀಲದ ಮೇಲೆ ಚೀಲ ಬೀಳುವ ಮೆತ್ತನೆಯ ದಪ್ಪ ದಪ್ಪ ಸದ್ದು, ಆಮೇಲೆ ಧೂಳು. ಧೂಳಿನೊಳಗಿಂದ ಹಲಗೆಯ ಮೇಲಿದ್ದವನ ಕೂಗು ಕೇಳಿತು.

ಅಣ್ಣನಿಗೆ ಏನೂ ಆಗಲಿಲ್ಲ, ಚೀಲಗಳ ಜೊತೆ ಜಾರಿ ಕೆಳಗೆ ಬಂದಿದ್ದ. ಎದ್ದವನೇ ಚೀಲ ಎಳೆಯತೊಡಗಿದ. ಇಬ್ಬರು ಹಿಡಿದು ಎತ್ತುವ ಚೀಲಗಳನ್ನು ಒಬ್ಬನೇ ಎಳೆದು ಹಿಂದಕ್ಕೆ ಒಗೆದ. ಔರಾದದವಳು ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮರಾಠಿಯಲ್ಲಿ ಏನೋ ಹೇಳುತ್ತಲೇ ಇದ್ದಳು. ಅವನ ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ಟಾಂಗಾದಲ್ಲಿ ದವಾಖಾನೆಗೆ ಒಯ್ದರು.

ಮುಕಾದಮ ಬಂದು ಬಿದ್ದ ಮೂಲೆಯನ್ನು ನೋಡಿದ. ಹತ್ತಾರು ಚೀಲ ಒಡೆದು ಎಲ್ಲೆಲ್ಲೂ ಜೋಳ ಚೆಲ್ಲಿತ್ತು. ಯಾವ ಚೀಲ ಮೊದಲು ಸೋರಿತು ಎಂದು ದೇವರೂ ಹೇಳುವಂತಿರಲಿಲ್ಲ. ನನಗೊಬ್ಬಳಿಗೆ ಗೊತ್ತಿತ್ತು.

"ಎರಡನೇ ಥರದ ಮೂಲಿ ಕಟ್ಟಿಲ್ಲ ನೀ," ಎಂದ ಮುಕಾದಮ. "ಬರೇ ಮ್ಯಾಲ ಮ್ಯಾಲ ಪೇರಿಸಿದಿ. ಜಲ್ದಿ ಮುಗಸ್ಬೇಕಂತ."

"ಕಟ್ಟೇನ್ರಿ."

"ಕಟ್ಟಿದ್ರ ಹ್ಯಾಂಗ ಬೀಳ್ತದ? ಹೇಳು ನನಗ. ಮೂಲಿ ಕಟ್ಟಿದ ಥಪ್ಪಿ ಬಿದ್ದದ್ದು ನೀ ನೋಡೀಯೇನು?"

ಅಣ್ಣ ಅಂಥದ್ದನ್ನು ನೋಡಿರಲಿಲ್ಲ.

ಆ ಸಂಜೆ ನಾನು ಗುಡಿಸಿದಷ್ಟು ಕಾಳು ಜನ್ಮದಲ್ಲಿ ಗುಡಿಸಿರಲಿಲ್ಲ. ಔರಾದದವಳ ಪಾಲನ್ನು ಸೀರೆಯ ತುಂಡಿನಲ್ಲಿ ಕಟ್ಟಿ ಮರುದಿನ ದವಾಖಾನೆಗೆ ಒಯ್ದುಕೊಟ್ಟೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ಪಾಪ ಕಳೆಯಲೆಂದು ಒಯ್ದಿದ್ದೆ. ಅವಳಿಗೆ ಅದು ಪ್ರೀತಿಯಾಗಿ ಕಂಡಿತು.

ಎರಡು ದಿನದ ಮೇಲೆ ಬೆಳಿಗ್ಗೆ ಅಣ್ಣ ಖೋಲಿಯ ಹೊಸ್ತಿಲ ಮೇಲೆ ಬಂದು ಕುಳಿತ. ನಾನು ಅದೇ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಅವನ ಮುಂದೆ ಇಟ್ಟೆ. ತಿನ್ನುತ್ತ ತಿನ್ನುತ್ತ ಕೇಳಿದ.

"ತಂಗಿ, ನೀ ಎದುರಿಗೇ ಕೂತಿದ್ದಿ. ಎರಡನೇ ಥರದಾಗ ಮೂಲಿ ಚೀಲಾ ಅಡ್ಡ ಇಟ್ಟಿದ್ದೆನಲ್ಲ ನಾ? ನನಗ ಇಟ್ಟಂಗೇ ನೆಪ್ಪದ. ಮುಕಾದಮ ಹಂಗಂದ ಮ್ಯಾಲ ಈಗ ಇಲ್ಲೇನೋ ಅನಸ್ಲಿಕತ್ತದ. ನೀ ನೋಡಿದ್ದಿ ಹೌದಿಲ್ಲೋ?"

ಅವನು ಅಡ್ಡ ಇಟ್ಟದ್ದನ್ನು ನಾನು ನೋಡಿದ್ದೆ. ಇಟ್ಟ ಮೇಲೆ ಅಂಗೈಯಿಂದ ಎರಡು ಏಟು ಹಾಕಿದ್ದನ್ನೂ ನೋಡಿದ್ದೆ. ನೋಡಿದೆ ಎಂದು ಹೇಳಿದ್ದರೆ, ಹಾಗಾದರೆ ಯಾಕೆ ಬಿತ್ತು ಎಂದು ಅವನು ಕೇಳುತ್ತಿದ್ದ. ಹೆಂಗಸರ ಸಡಿಲ ಹೊಲಿಗೆ ನೆನಪಾಗುತ್ತಿತ್ತು. ಅಲ್ಲಿಂದ ನನ್ನ ತನಕ ಒಂದೇ ಹೆಜ್ಜೆ.

"ನಾ ನೋಡಿಲ್ಲಣ್ಣಾ. ನನ್ನ ಕೆಲ್ಸದಾಗ ನಾ ಇದ್ದೆ."

ಅವನು ತಲೆಯಾಡಿಸಿದ. ಉಳಿದ ರೊಟ್ಟಿ ಮಡಚಿ ಮಗಳ ಕೈಗೆ ಕೊಟ್ಟು ಎದ್ದ. ಹೊಲಿಗೆ ಸಡಿಲ ಬಿಟ್ಟದ್ದಕ್ಕೆ ಹಸಿವಿನ ನೆಪವಾದರೂ ಇದೆ. ಈ ಮಾತಿಗೆ ಯಾವ ನೆಪವೂ ಇಲ್ಲ, ಅದನ್ನು ಆಡಿದಾಗ ನನ್ನ ಹೊಟ್ಟೆ ತುಂಬಿತ್ತು.

ಟೋಳಿಯವರು ಅವನನ್ನು ಥಪ್ಪಿಯಿಂದ ತೆಗೆದು ಹೊರುವ ಕೆಲಸಕ್ಕೆ ಹಾಕಿದರು. ಯಾರೂ ಜಗಳವಾಡಲಿಲ್ಲ. ಅವನು ಚೀಲ ತಂದರೆ ತೆಗೆದುಕೊಳ್ಳುತ್ತಿದ್ದರು, ಅವನು ಥಪ್ಪಿಯ ಹತ್ತಿರ ನಿಂತರೆ ಮಾತು ನಿಲ್ಲಿಸುತ್ತಿದ್ದರು. ಒಂದು ತಿಂಗಳೂ ಆಗಲಿಲ್ಲ. ಒಂದು ಬೆಳಿಗ್ಗೆ ಹೈದರಾಬಾದಿನ ಗಾಡಿಗೆ ಕಾಯುವವರ ಸಾಲಿನಲ್ಲಿ ಅವನೂ ಒಂದು ಟವೆಲಿನ ಗಂಟು ಹಿಡಿದು ನಿಂತಿದ್ದ. ನಾನು ಧಕ್ಕೆಯ ಮೇಲೆ ಚೀಲ ಹೊಲಿಯುತ್ತ ಕುಳಿತಿದ್ದೆ. ಗಾಡಿ ಬಿಡುವವರೆಗೂ ಅವನು ಕಾಣುತ್ತಿದ್ದ. ಎದ್ದು ಹೋಗಿ ಹೇಳುವುದಕ್ಕೆ ಸಮಯ ಬೇಕಾದಷ್ಟಿತ್ತು.

ಮಳೆ ಬಂದ ಮೇಲೆ ಧಕ್ಕೆಯ ಕೆಲಸ ಇಳಿಯಿತು. ಮೊದಲು ಹುಲ್ಲಿನ ಪೆಂಡಿ ನಿಂತಿತು, ಆಮೇಲೆ ಗೋಧಿ. ಕೆಲವು ವರ್ಷ ಉದ್ದು, ತೊಗರಿ ಅಲ್ಲಿಂದ ಹೊರಗೆ ಹೋದವು. ಆಮೇಲೆ ಲಾರಿಗಳು ನೇರ ಗೋದಾಮಿನ ಬಾಗಿಲಿಗೇ ಹೋಗತೊಡಗಿದವು. ಲಾರಿಗೆ ಎರಡು ಸಲ ಇಳಿಸಿ ಏರಿಸುವ ಕೆಲಸವಿಲ್ಲ. ಟೋಳಿಗಳು ಒಂದಾದವು, ಒಂದಾದ ಟೋಳಿಯೂ ಕರಗಿತು. ಕಾಟಾ ಕಿತ್ತುಕೊಂಡು ಹೋದರು. ಮಾಡಿನ ತಗಡು ಒಂದೊಂದಾಗಿ ಹಾರಿತು. ಆಡುಗಳು ಕಟ್ಟೆ ಹತ್ತಿ ಮಲಗತೊಡಗಿದವು. ನಾನು ಮೈಲೂರಿನಲ್ಲೇ ಉಳಿದು ಮನೆ ಮನೆಗೆ ಹೋಗಿ ಕೌದಿ ಹೊಲಿದು ಮಗಳನ್ನು ಸಾಕಿದೆ. ಗಂಡ ಬರಲೇ ಇಲ್ಲ.

ಅಣ್ಣ ಹೈದರಾಬಾದಿನಲ್ಲಿ ಕಟ್ಟಡಗಳಿಗೆ ಕಲ್ಲು, ಇಟ್ಟಿಗೆ ಹೊತ್ತ. ಕುತ್ತಿಗೆ ಬಾಗಿದ ಮೇಲೆ ವಾಪಸು ಬಂದು ನನ್ನ ಮನೆಯಲ್ಲೇ ಇದ್ದ. ಮದುವೆ ಆಗಲಿಲ್ಲ. ಒಮ್ಮೆ ಒಲೆಯ ಕಟ್ಟಿಗೆ ಪೇರಿಸಿಡು ಎಂದೆ. ಅಂಗಳದ ತುಂಬ ಒಂದೊಂದೇ ಕಟ್ಟಿಗೆ ಹರಡಿ ಇಟ್ಟ. "ಒಂದರ ಮ್ಯಾಲ ಒಂದ್ ಇಡೂದು ನನ್ನ ಕೈಗೆ ಬರಂಗಿಲ್ಲ ತಂಗಿ," ಎಂದ. ಅವನು ಅದನ್ನು ನಂಬಿದ್ದ.

ಇಷ್ಟು ವರ್ಷದ ಮೇಲೆ ಧಕ್ಕೆಯನ್ನು ರಿಪೇರಿ ಮಾಡುತ್ತಾರೆ ಎಂಬ ಸುದ್ದಿ ಬಂತು. ಕಲ್ಲಿನ ಕಟ್ಟೆ ಹಾಗೆಯೇ ಇರುತ್ತದೆ, ಮೇಲೆ ಹೊಸ ಮಾಡು ಬರುತ್ತದೆ, ಸಣ್ಣ ಸಣ್ಣ ಅಂಗಡಿ ಕಟ್ಟುತ್ತಾರೆ, ಮುಂದೆ ಗಾಡಿ ನಿಲ್ಲಿಸುವ ಜಾಗ ಮಾಡುತ್ತಾರೆ. ಅಲ್ಲಿ ದುಡಿದ ಹಳೆಯ ಮಂದಿಗೆ ಕೆಲವು ಅಂಗಡಿ ಕೊಡುವ ಮಾತಿತ್ತು. ಯಾರು ದುಡಿದಿದ್ದರು ಎಂಬುದಕ್ಕೆ ಕಾಗದ ಪತ್ರ ಏನೂ ಇಲ್ಲ. ಮುಕಾದಮ ಇನ್ನೂ ಬದುಕಿದ್ದ. ಅವನು ಹೌದು ಅಂದವರ ಹೆಸರು ಬರೆಯುವುದೆಂದು ಆಯಿತು.

ಒಂದು ರವಿವಾರ ಬೆಳಿಗ್ಗೆ ಮೈಲೂರಿನ ಬುದ್ಧವಿಹಾರದ ಅಂಗಳದಲ್ಲಿ ಎಲ್ಲರೂ ಸೇರಿದೆವು. ಇಪ್ಪತ್ತು ಮಂದಿಯೂ ಇರಲಿಲ್ಲ. ಮುಕಾದಮ ದಪ್ಪ ಕನ್ನಡಕ ಹಾಕಿಕೊಂಡು ಕುರ್ಚಿಯ ಮೇಲೆ ಕುಳಿತಿದ್ದ. ಹೆಸರು ಬರೆಯಲು ಕಚೇರಿಯಿಂದ ಒಬ್ಬ ಹುಡುಗಿ ಬಂದಿದ್ದಳು. ನನ್ನ ಹೆಸರನ್ನು ಮುಕಾದಮ ತಾನೇ ಹೇಳಿ ಬರೆಸಿದ. "ಒಂದಿನಾ ಸುಟ್ಟಿ ಮಾಡಿಲ್ಲ ಈ ಹೆಣ್ಮಗಳು," ಎಂದ. ಆಮೇಲೆ ಯಾರೋ ಅಣ್ಣನ ಹೆಸರು ಹೇಳಿದರು.

"ಅವಂದು ಬ್ಯಾಡ," ಎಂದ ಮುಕಾದಮ. "ಒಬ್ಬನ ಕಾಲ ಮುರದು ಹ್ವಾದಾವ ಅವ."

ಹಿಂದೆ ಕುಳಿತಿದ್ದ ಅಣ್ಣ ಅಲ್ಲಿಂದಲೇ, "ಹೌದ್ರಿ. ಬ್ಯಾಡ್ರಿ," ಎಂದ. ಯಾರೋ ಚಹ ಬೇಕೇ ಎಂದು ಕೇಳಿದಾಗ ಹೇಳುವ ಹಾಗೆ.

ನಾನು ಎದ್ದು ನಿಂತೆ. ಪಕ್ಕದಲ್ಲಿದ್ದವಳ ಹೆಗಲು ಹಿಡಿದುಕೊಂಡೆ.

"ಥಪ್ಪಿ ಬಿದ್ದದ್ದು ನನ್ನಿಂದ್ರಿ. ಅಡಿ ಥರದ ಮೂಲಿ ಚೀಲದ ಕಿವಿ ನಾ ಸಡ್ಲ ಹೊಲ್ದಿದ್ದೆ. ಸೋರಿದ್ದೆಲ್ಲ ಗುಡಿಸಿ ಉಡ್ಯಾಗ ಹಾಕೊಂಡೆ. ಅಂವ ನೋಡ್ಲಿಕಿ ಬಂದಾಗ ನೆಲದ ಮ್ಯಾಲ ಏನೂ ಇರಲಿಲ್ಲ."

ಮುಕಾದಮ ಕನ್ನಡಕ ತೆಗೆದು ಒರೆಸಿಕೊಂಡ. ಒಬ್ಬ ಮುದುಕ, "ಈಗ ಹೇಳ್ತಾಳ ನೋಡ್ರಿ, ಎಲ್ಲರೂ ಸತ್ತ ಮ್ಯಾಲ," ಎಂದ.

ಅಣ್ಣ ಎದ್ದು ಮುಂದೆ ಬಂದ. ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಯಾವ ಮೂಲಿ?"

"ಕಾಟಾದ ಕಡೀದು."

"ಕಿವಿ ಹೊರಗಿತ್ತೇನು?"

"ಹೊರಗಿತ್ತು."

"ಎರಡನೇ ಥರ?"

"ಮೂಲಿ ಕಟ್ಟಿದ್ದಿ ಅಣ್ಣಾ. ಅಡ್ಡ ಇಟ್ಟು ಎರಡು ಸಲ ಬಡದಿ. ನಾ ನೋಡಿದ್ದೆ."

"ಅವತ್ತ ಕೇಳಿದ್ದೆ ನಿನಗ," ಎಂದ.

"ಕೇಳಿದ್ದಿ."

"ಈ ಅಂಗಡಿ ಬರ್ಲಿಲ್ಲಂದ್ರ ಹೇಳ್ತಿದ್ದೇನು ನೀ?"

ಹೇಳುತ್ತಿದ್ದೆ ಎನ್ನಲು ಬಾಯಿ ತೆರೆದೆ. ಆಗಲಿಲ್ಲ. "ಇಲ್ಲ," ಎಂದೆ.

ಮುಕಾದಮ ಅವನ ಹೆಸರು ಬರೆಯಲು ಹೇಳಿದ. ನಾನು ನನ್ನ ಹೆಸರು ಹೊಡೆದು ಹಾಕಲು ಹೇಳಿದೆ. ಹುಡುಗಿ ಹೊಡೆದಳು. ಅಣ್ಣ ಅದ್ಯಾವುದನ್ನೂ ನೋಡುತ್ತಿರಲಿಲ್ಲ. ಟೋಳಿಯಲ್ಲಿ ಇನ್ನೂ ಯಾರು ಯಾರು ಇದ್ದಾರೆ, ಯಾವ ಊರಲ್ಲಿದ್ದಾರೆ ಎಂದು ಮುಕಾದಮನನ್ನು ಕೇಳುತ್ತಿದ್ದ. ಅಂಗಳಕ್ಕೆ ಬಾರದವರು ಮೂವರು. ಭಾಲ್ಕಿಯಲ್ಲಿ ಇಬ್ಬರು, ಔರಾದದಲ್ಲಿ ಕಾಲು ಮುರಿದವನ ಹೆಂಡತಿ. ಕಾಲು ಮುರಿದವನು ಕುಂಟುತ್ತಲೇ ಬಹಳ ವರ್ಷ ಬದುಕಿ, ಎದೆನೋವಿನಿಂದ ತೀರಿಕೊಂಡಿದ್ದ.

ಮನೆಗೆ ಬರುವಾಗ ಅಣ್ಣ ಹೇಳಿದ್ದು ಇಷ್ಟೇ. "ನಾಳಿ ಭಾಲ್ಕಿಗಿ ಹೋಗೂದದ. ನಾ ಹೇಳಿದ್ರ ಯಾರೂ ನಂಬಂಗಿಲ್ಲ. ನೀ ಹೇಳು."

ಭಾಲ್ಕಿಯ ಬಸ್ಸಿನಲ್ಲಿ ಅವನು ಮುಂದಿನ ಸೀಟಿನಲ್ಲಿ ಕುಳಿತ, ನಾನು ಹಿಂದೆ. ಮೊದಲನೆಯ ಮನೆಯ ಮುದುಕನಿಗೆ ಕಿವಿ ಕೇಳುತ್ತಿರಲಿಲ್ಲ. ನಾನು ಮಾಡಿದ್ದನ್ನು ಓಣಿಗೆಲ್ಲ ಕೇಳುವಂತೆ ಎರಡು ಸಲ ಹೇಳಬೇಕಾಯಿತು. ಅವನ ಸೊಸೆಯಂದಿರು ಬಾಗಿಲಿಗೆ ಬಂದು ನಿಂತರು. ಎರಡನೆಯ ಮನೆಯವನು ಕೇಳಿ ನಕ್ಕುಬಿಟ್ಟ. "ನಮ್ಮ ಟೋಳಿನ್ಯಾಗ ಯಾರಿಗೂ ಆವಾಗಿಂದ ನಿದ್ದಿನೇ ಬಂದಿಲ್ಲ ನೋಡವಾ, ಇದೇ ವಿಚಾರದಾಗ," ಎಂದು ಚುಚ್ಚಿದ. ಆಮೇಲೆ ಅಣ್ಣನ ಕಡೆ ತಿರುಗಿ ನಗು ನಿಲ್ಲಿಸಿದ. "ನಿನಗ ಬಂದಿಲ್ಲೇನೋ?" ಎಂದ.

ಔರಾದಕ್ಕೆ ಮರುದಿನ ಹೋದೆವು. ಆಕೆ ಅಂಗಳದಲ್ಲಿ ಮೊರ ಹಿಡಿದು ಹೆಸರುಕಾಳು ಹಸನು ಮಾಡುತ್ತಿದ್ದಳು. ಅಣ್ಣನನ್ನು ಕಂಡು ಮುಖ ತಿರುಗಿಸಿದಳು. ನನ್ನನ್ನು ಕಂಡು ಎದ್ದು ಬಂದು ಅಪ್ಪಿಕೊಂಡಳು.

"ಅಕ್ಕಾ, ಎಷ್ಟು ವರ್ಷ ಆಯ್ತ. ಬಾ, ಕೂಡು." ಸೊಸೆಯನ್ನು ಕರೆದು ಹೇಳಿದಳು. "ದವಾಖಾನಿಗಿ ಜೋಳಾ ತಂದ್ಕೊಟ್ಟಾಕಿ ಅಂತಿದ್ನಲ್ಲ, ಈಕೇನೇ."

ನಾನು ಕೂಡಲಿಲ್ಲ. ನಿಂತುಕೊಂಡೇ ಹೇಳಿದೆ. ಇದು ನಾಲ್ಕನೆಯ ಸಲ, ಮಾತು ಬಾಯಿಪಾಠವಾಗಿತ್ತು. ಆದರೆ ಅವಳ ಮುಂದೆ ಎಲ್ಲೆಲ್ಲೋ ನಿಂತಿತು. ಅವಳು ಮೊರ ಕೆಳಗಿಟ್ಟಳು.

"ನೀ ದವಾಖಾನಿಗಿ ತಂದದ್ದು ಆ ಚೀಲದ ಜೋಳಾನೇ ಏನು?"

"ಅದೂ ಇತ್ತು."

"ಅದನ್ನೇ ಒಡಿಸಿ ಗಂಜಿ ಮಾಡಿ ಅವನ ಬಾಯಿಗಿ ಹಾಕ್ದೆ ನಾ." ಅವಳ ದನಿ ಏರಲಿಲ್ಲ. "ಈ ಮನಿಗಿ ಬಂದವರಿಗೆಲ್ಲ ನಿನ್ನ ಹೆಸರು ಹೇಳ್ಕೋತ ಬಂದೇನಿ. ಈ ಅಣ್ಣಗ ಬೈಕೋತ ಬಂದೇನಿ."

ಅಣ್ಣ ಮೊದಲ ಸಲ ಮಾತಾಡಿದ. "ಬೈದದ್ದು ಹೋಗ್ಲಿ ತಾಯಿ. ನನ್ನ ಥಪ್ಪಿ ಬರೋಬರ್ ಇತ್ತು. ಅಷ್ಟು ತಿಳದ್ರ ಸಾಕು."

"ಇತ್ತಪ್ಪಾ," ಎಂದಳು ಅವಳು. "ಬರೋಬರ್ ಇತ್ತು. ಅಂವ ಸಾಯೂತನಾ ಅದೇ ಅಂತಿದ್ದ, ಇವನ ಥಪ್ಪಿ ಬೀಳೂದಲ್ಲ ಅಂತ. ನಾನೇ ಕೇಳ್ತಿದ್ದಿಲ್ಲ."

ಅಣ್ಣನಿಗೆ ಕುಡಿಯಲು ನೀರು ಕೊಟ್ಟಳು, ಚಹ ಮಾಡಿಸಿದಳು. ಸೊಸೆ ಎರಡು ಕಪ್ಪು ತಂದಳು. ನನ್ನ ಕಪ್ಪನ್ನು ಔರಾದದವಳು ನನ್ನ ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದಳು. ನಾನು ಕುಡಿದೆ. ಕುಡಿಯದೆ ಬರುವ ಹಕ್ಕು ನನಗಿರಲಿಲ್ಲ.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಕಾಳಿನ ಒಂದು ಅಡತಿ ಅಂಗಡಿಯ ಮುಂದೆ ಲಾರಿಯಿಂದ ಹೆಸರುಕಾಳಿನ ಚೀಲ ಇಳಿಸುತ್ತಿದ್ದರು. ಅಣ್ಣ ನಿಂತ. ಇಬ್ಬರು ಹಮಾಲರು ಮನಸ್ಸಿಗೆ ಬಂದಂತೆ ಪೇರಿಸುತ್ತಿದ್ದರು.

"ಮೂಲಿ ಕಟ್ರಪ್ಪಾ. ಹಿಂಗಾದ್ರ ನಿಲ್ಲಂಗಿಲ್ಲ," ಎಂದ.

"ಬಾ ಮುತ್ಯಾ, ನೀನೇ ಕಟ್ಟು," ಎಂದು ಅವರಲ್ಲೊಬ್ಬ ತಮಾಷೆ ಮಾಡಿದ.

ಅಣ್ಣ ಟವೆಲು ತಲೆಗೆ ಸುತ್ತಿಕೊಂಡು ಹೋದ. ಅವರು ಒಂದು ಕಡೆ ಹಿಡಿದರು, ಅವನು ಇನ್ನೊಂದು ಕಡೆ. ಬಾಯಿ ಒಳಗೆ, ಅಡಿ ಹೊರಗೆ. ಮೂಲೆಗೆ ಬಂದಾಗ ಅಡ್ಡ. ಅವನ ಕೈ ಎಲ್ಲಿಯೂ ತಡೆಯಲಿಲ್ಲ. ಹಮಾಲರು ತಮಾಷೆ ಬಿಟ್ಟು ಅವನು ಹೇಳಿದಂತೆ ಮಾಡತೊಡಗಿದರು.

ನಾನು ರಸ್ತೆಯ ಈಚೆ ನಿಂತು ನೋಡುತ್ತಿದ್ದೆ. ಧಕ್ಕೆಯಲ್ಲಿದ್ದಾಗ ಹೆಂಗಸರು ಹೊಲಿದು ಕೊಟ್ಟ ಚೀಲವನ್ನು ಅವನು ನೋಡದೆ ಎತ್ತಿ ಇಡುತ್ತಿದ್ದ. ಈಗ ಒಂದೊಂದು ಚೀಲ ಇಡುವ ಮೊದಲೂ ಬಗ್ಗಿ, ಎರಡೂ ಕಿವಿಗಳ ಹೊಲಿಗೆಯ ಮೇಲೆ ಹೆಬ್ಬೆರಳು ಒತ್ತಿ ನೋಡುತ್ತಿದ್ದ.